ಮತ್ತ ಬಾಜೂ ಮನ್ಯಾಗ?

ನಮ್ಮ ದೊಡ್ಡವ್ವನ ಬಲಗಾಲಿನ ಹಿಮ್ಮಡಿಯ ಮೇಲೆ ಕುಡುಗೋಲಿನ ತುದಿಯಂತೆ ಬಾಗಿದ ಒಂದು ಗುರುತು ಇತ್ತು. ಬೇಸಿಗೆ ಬಂದರೆ ಆಕೆಯ ಹಿಮ್ಮಡಿಗಳು ನಮ್ಮ ಎರೆಹೊಲದ ಹಾಗೆ ಬಿರಿಯುತ್ತಿದ್ದವು. ಆ ಗುರುತಿನ ಜಾಗ ಮಾತ್ರ ಬಿರಿಯುತ್ತಿರಲಿಲ್ಲ, ನುಣ್ಣಗೆ ಹೊಳೆಯುತ್ತಿತ್ತು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ರೊಟ್ಟಿ ಬಡಿಯುವಾಗ ಸೀರೆಯ ಅಂಚಿನಿಂದ ಅದು ಹೊರಗೆ ಇಣುಕುತ್ತಿತ್ತು. ಸಣ್ಣವಳಿದ್ದಾಗ ನಾನು ಹಿಂದಿನಿಂದ ಹೋಗಿ ಅದರ ಮೇಲೆ ಬೆರಳಾಡಿಸುತ್ತಿದ್ದೆ. “ಇದೇನ ದೊಡ್ಡವ್ವಾ?” ಎಂದರೆ, “ನಿಮ್ಮ ಮುತ್ಯಾ ಹಾಕಿದ ಆಹೇರ” ಎನ್ನುತ್ತಿದ್ದಳು. ಆಹೇರ ಅಂದರೆ ಮದುವೆಯಲ್ಲಿ ಕೊಡುವ ಉಡುಗೊರೆ. ಅದು ಎಂಥ ಉಡುಗೊರೆ ಎಂದು ತಿಳಿಯುವಷ್ಟು ವಯಸ್ಸು ನನಗಾಗ ಇರಲಿಲ್ಲ. ತಿಳಿದ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೋದ ತಿಂಗಳು ಅದು ಮತ್ತೆ ನೆತ್ತಿಗೇರಿತು. ನನ್ನ ತಮ್ಮನ ಮೊಮ್ಮಗ ಒಂದು ದೊಡ್ಡ ಹಾಳೆ ಹಾಸಿಕೊಂಡು ನಮ್ಮ ತವರುಮನೆಯ ವಂಶಾವಳಿ ಬರೆಯಲು ಕುಳಿತಿದ್ದಾನೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳಾದದ್ದು, ಸತ್ತದ್ದು. ಹಾಳೆಯ ನಡುಮಧ್ಯೆ ನನ್ನ ಮುತ್ಯಾನಿಗೆ, ಅಂದರೆ ನನ್ನ ಅಪ್ಪನ ಅಪ್ಪನಿಗೆ, ಅಂಗೈ ಅಗಲದ ಚೌಕ ಕೊಟ್ಟಿದ್ದಾನೆ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿದವರು, ಬಾವಿ ತೋಡಿಸಿದವರು, ಊರ ಹಿರಿಯರು, ಏನೇನೋ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ಚೌಕದಲ್ಲಿ ನಮ್ಮ ದೊಡ್ಡವ್ವ: “ಮದುವೆಯಾಗಿ ಬಂದ ತಿಂಗಳಲ್ಲಿಯೇ ಅತ್ತೆ, ನಾದಿನಿ, ಗಂಡ ತೀರಿಕೊಂಡರು. ಮಕ್ಕಳಿಲ್ಲ.”

“ಇದೇನು ಬರದೀಯೋ?” ಅಂದೆ.

“ತಪ್ಪೇನದ ಆಯಿ? ಎಲ್ಲಾ ಖರೇನೇ ಅದಲ್ಲ?”

ಖರೆಯೇ. ಬಂದದ್ದೂ ಖರೆ, ಸತ್ತದ್ದೂ ಖರೆ. ಎರಡು ಖರೆ ಮಾತುಗಳನ್ನು ಒಂದರ ಪಕ್ಕ ಒಂದು ಕೂರಿಸಿ ಸುಳ್ಳು ಹೇಳುವುದು ನಮ್ಮ ಮನೆಯವರಿಗೆ ಹೊಸದಲ್ಲ. ಈ ಹುಡುಗ ಗೊತ್ತಿಲ್ಲದೆ ಅದೇ ಕೆಲಸ ಮಾಡಿದ್ದಾನೆ, ಪಾಪ. ಮಕ್ಕಳಿಲ್ಲವಂತೆ. ಇವನ ಮುತ್ತಜ್ಜನನ್ನು, ಅಂದರೆ ನನ್ನ ಅಪ್ಪನನ್ನು, ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಮತ್ತಾರು? ಅದಕ್ಕೇ ಬರೆಯಲು ಕುಳಿತಿದ್ದೇನೆ.

ದೊಡ್ಡವ್ವ ಕಲಬುರಗಿಯ ಶಹಾಬಜಾರದವಳು. ಅಲ್ಲಿನ ಒಂದು ಇಕ್ಕಟ್ಟು ಓಣಿಯಲ್ಲಿ ಆಕೆಯ ಅಪ್ಪನ ಕಿರಾಣಿ ಅಂಗಡಿ ಇತ್ತು. ನಿಜಾಮರ ಆಳಿಕೆ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಅಂಗಡಿಯ ಮಾತು ಅರ್ಧ ಕನ್ನಡ ಅರ್ಧ ದಖನಿ. ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿಯನ್ನು ಕಮಲಾಪುರದ ನಮ್ಮ ಮನೆಗೆ, ಹದಿನಾರರ ಹಿರಿಯ ಮಗನಿಗೆ ಕೊಟ್ಟರು. ದೀಪಾವಳಿ ಮುಗಿದ ಮೇಲೆ ಲಗ್ನ. ಬಂಡಿಗಳಲ್ಲಿ ದಿಬ್ಬಣ ಶಹಾಬಜಾರಕ್ಕೆ ಹೋಯಿತು, ಲಗ್ನ ಮುಗಿಸಿಕೊಂಡು ಸೊಸೆಯನ್ನು ಕೂರಿಸಿಕೊಂಡು ಬಂತು. ತಲಬಾಗಿಲಲ್ಲಿ ಸೇರು ತುಂಬ ಅಕ್ಕಿ ಇಟ್ಟಿದ್ದರು. ಎಲ್ಲ ಸೊಸೆಯರ ಹಾಗೆ ಆಕೆಯೂ ಅದನ್ನು ಬಲಗಾಲಿನಿಂದ ಚೆಲ್ಲಿ ಒಳಗೆ ಬಂದಳು.

ಮೊದಲು ಜ್ವರ ಹಿಡಿದು ಮಲಗಿ, ಮತ್ತೆ ಏಳದವಳು ನನ್ನ ಆಯಿ, ಮುತ್ಯಾನ ಹೆಂಡತಿ. ನಾನು ಆಕೆಯ ಮುಖ ಕಂಡವಳಲ್ಲ. ಆಮೇಲೆ ಆಕೆಯ ಸಣ್ಣ ಮಗಳು. ಕೊನೆಗೆ ಮದುಮಗ. ಮೂಗಿನಲ್ಲಿ ರಕ್ತ, ಮುಖ ನೀಲಿ, ಅರಿಶಿನದ ಮೈ ಇನ್ನೂ ತೊಳೆದಿರಲಿಲ್ಲ. ಉಳಿದವರು ಮುತ್ಯಾ, ಆರು ವರ್ಷದ ನನ್ನ ಅಪ್ಪ, ಮತ್ತು ಬಂದು ತಿಂಗಳೂ ತುಂಬದ ಈ ಹುಡುಗಿ.

ಮಗನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಮುತ್ಯಾ ಆಕೆಯನ್ನು ಹಿತ್ತಲಿಗೆ ಕರೆದು ಕೇಳಿದನಂತೆ, “ಯಾವ ಕಾಲಿಲೆ ಸೇರು ಒದ್ದಿ?” ಆಕೆ ಬಲಗಾಲು ಮುಂದೆ ಮಾಡಿ ತೋರಿಸಿದಳು. ಹಿರಿಯರು ಕೇಳಿದರೆ ತೋರಿಸಬೇಕೆಂದು ಕಲಿಸಿದ್ದರಲ್ಲ. ಕುಡುಗೋಲನ್ನು ಕೆಂಡದಲ್ಲಿ ಕಾಯಿಸಿ ಇಟ್ಟಿದ್ದ. ಕಾಲ್ಗುಣ ಸುಡಬೇಕಿತ್ತಂತೆ. ನನ್ನ ಅಪ್ಪ ಆಗ ಅಲ್ಲೇ ಇದ್ದ, ಆ ವಾಸನೆಯನ್ನು ತಾನು ಸಾಯುವ ತನಕ ಮರೆಯುವುದಿಲ್ಲ ಎಂದು ನನಗೆ ಹೇಳಿದ. ಮರೆಯಲಿಲ್ಲ ನಿಜ, ಆದರೆ ದೊಡ್ಡವನಾದ ಮೇಲೂ ಅದರ ಬಗ್ಗೆ ಒಂದು ಮಾತು ತನ್ನ ಅಪ್ಪನಿಗೆ ಅನ್ನಲೂ ಇಲ್ಲ. ಆ ಸಿಟ್ಟು ಬೇರೆ ಇದೆ ನನಗೆ.

ಅಂದಿನಿಂದ ಆಕೆಗೆ ತಲಬಾಗಿಲು ಇಲ್ಲ. ಬರುವುದು ಹೋಗುವುದು ಹಿತ್ತಲ ಬಾಗಿಲಿನಿಂದ. ಮುಂಜಾನೆ ಮುತ್ಯಾ ಎದ್ದು ಹೊರಗೆ ಹೋಗುವ ತನಕ ಆಕೆ ಕಣ್ಣಿಗೆ ಬೀಳುವಂತಿಲ್ಲ. ಬಿತ್ತನೆಯ ದಿನ ಹೊಲದ ಕಡೆ ತಲೆ ಹಾಕುವಂತಿಲ್ಲ. ನನ್ನ ಅವ್ವ ಸೊಸೆಯಾಗಿ ಬಂದ ದಿನ ದೊಡ್ಡವ್ವನನ್ನು ಮೇವಿನ ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ಆ ಮದುವೆಯ ಹೋಳಿಗೆಯ ಹೂರಣ ರುಬ್ಬಿದ್ದು ಮಾತ್ರ ದೊಡ್ಡವ್ವ. ಹಸು ಕರೆಯುವವಳು ಆಕೆ, ರೊಟ್ಟಿ ಬಡಿಯುವವಳು ಆಕೆ, ಜ್ವರ ಬಂದ ನನ್ನ ಅಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತವಳು ಆಕೆ. ಆ ಮನೆಗೆ ಆಕೆಯ ಕೈ ಬೇಕಾಗಿತ್ತು, ಕಾಲು ಮಾತ್ರ ಬೇಡವಾಗಿತ್ತು.

ತವರಿಗೆ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಅದೇ ತಿಂಗಳಲ್ಲಿ ಶಹಾಬಜಾರದಲ್ಲಿ ಆಕೆಯ ಅಪ್ಪನೂ ಅಣ್ಣನೂ ತೀರಿಕೊಂಡಿದ್ದರು. ಅಲ್ಲಿನವರು ಏನಂದರು ಗೊತ್ತೇ? ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಿದೆವು, ಅದಕ್ಕೇ ಮನೆ ಹಾಳಾಯಿತು ಅಂದರು. ಒಂದೇ ಕಾಲು. ಬಂದ ಮನೆಗೆ ಬಂದದ್ದಕ್ಕೆ ಕೇಡು, ಬಿಟ್ಟ ಮನೆಗೆ ಬಿಟ್ಟದ್ದಕ್ಕೆ ಕೇಡು. ಎರಡೂ ಮನೆಯವರು ಒಂದು ದಿನ ಎದುರಾಬದುರಾ ಕುಳಿತು ಮಾತಾಡಿದ್ದರೆ ಸಾಕಿತ್ತು. ಕುಳಿತುಕೊಳ್ಳಲಿಲ್ಲ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ, ಅಂದರೆ ಮರುಮದುವೆ, ನಡೆಯುತ್ತಿತ್ತು. ಆದರೆ ಆ ಕಾಲಿನ ಸುದ್ದಿ ಊರೂರು ತಿರುಗಿತ್ತು, ಒಬ್ಬನೂ ಕೇಳಿಕೊಂಡು ಬರಲಿಲ್ಲ.

ಇಷ್ಟೆಲ್ಲ ಬರೆದರೆ ಆಕೆ ಯಾವಾಗಲೂ ಮೂಲೆಯಲ್ಲಿ ಕುಳಿತು ಕಣ್ಣೀರು ಹಾಕುತ್ತಿದ್ದಳು ಎಂದು ಓದಿದವರಿಗೆ ಅನಿಸಬಹುದು. ಹಾಗೇನಿಲ್ಲ. ಆಕೆಯ ನಾಲಿಗೆ ಚುರುಕು. ಕೆಂಪು ಬಾಳೆಯ ಗೊನೆಗಳನ್ನು ಹಣ್ಣಿಗೆ ಹಾಕುವ ಕತ್ತಲೆ ಕೋಣೆಗೆ ಹೋಗಿ ಒಮ್ಮೆ ಉಸಿರೆಳೆದರೆ ಯಾವ ಗೊನೆ ಇವತ್ತು, ಯಾವುದು ನಾಡಿದ್ದು ಎಂದು ಹೇಳಿಬಿಡುತ್ತಿದ್ದಳು. ಮೊದಲು ಹಣ್ಣಾದದ್ದು ನನ್ನ ಕೈಗೆ. “ತಿನ್ನು, ನಿಮ್ಮ ಮುತ್ಯಾ ಎಣಸಾಕ ಬರೂದ್ರಾಗ ತಿನ್ನು” ಎಂದು ನಗುತ್ತಿದ್ದಳು. ಕಣ್ಣಿಗೆ ಕಂಡ ಎಲ್ಲ ಹೆಂಗಸರನ್ನೂ ಹಿತ್ತಲ ಗೋಡೆಯ ಮೇಲಿನಿಂದ ಕೂಗಿ ಮಾತಾಡಿಸುತ್ತಿದ್ದಳು. ಆಕೆಗೆ ಒಂದು ಚಟ ಇತ್ತು. ಯಾರು ಏನೇ ಕಷ್ಟ ಹೇಳಿಕೊಳ್ಳಲಿ, ಕರು ಸತ್ತಿತು, ತೊಗರಿಗೆ ಹುಳ ಬಿತ್ತು, ಕೂಸಿಗೆ ಮೈಮೇಲೆ ಗುಳ್ಳೆ ಎದ್ದವು, ಏನೇ ಅನ್ನಲಿ, ಆಕೆಯ ಮೊದಲ ಮಾತು ಒಂದೇ.

“ಮತ್ತ ಬಾಜೂ ಮನ್ಯಾಗ?”

ಅಂದರೆ ಪಕ್ಕದ ಮನೆಯಲ್ಲೂ ಹಾಗೇ ಆಯಿತೇ ಎಂದು. ಓಣಿಯ ಹೆಂಗಸರಿಗೆ ಇದು ನಗೆಯ ಮಾತಾಗಿತ್ತು. ಕಂಡವರ ಮನೆ ಸುದ್ದಿ ಬೇಕು ಈಕೆಗೆ ಎನ್ನುತ್ತಿದ್ದರು. ನನ್ನ ಅವ್ವ ಕೂಡ, “ಅಕ್ಕಗ ಊರ ಉಸಾಬರಿ ಬಾಳ” ಎಂದು ಸಿಡುಕುತ್ತಿದ್ದಳು. ಉಸಾಬರಿ ಅಲ್ಲ ಅದು. ಪಕ್ಕದ ಮನೆಯ ಕರುವೂ ಸತ್ತಿದ್ದರೆ ಮೇವಿನಲ್ಲಿ ಏನೋ ಇದೆ, ಇವಳ ಮನೆಯ ಕರು ಮಾತ್ರ ಸತ್ತಿದ್ದರೆ ಬೇರೆ ಏನೋ. ಇದನ್ನು ಆಕೆಗೆ ಯಾರೂ ಕಲಿಸಲಿಲ್ಲ. ಹಿತ್ತಲಲ್ಲಿ ಒಬ್ಬಳೇ ಕುಳಿತು, ತನ್ನ ಹಿಮ್ಮಡಿ ನೋಡಿಕೊಳ್ಳುತ್ತ, ತಾನೇ ಕಂಡುಕೊಂಡದ್ದು.

ಈಗ ಹೇಳವನ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಮನೆತನಗಳ ವಂಶವನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವರು ಹೇಳವರು. ಕೆಲವು ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಎತ್ತು ಹೊಡೆದುಕೊಂಡು ಗಂಟೆ ಬಾರಿಸುತ್ತ ಬರುತ್ತಾರೆ. ಮನೆಯ ಕಟ್ಟೆಯ ಮುಂದೆ ನಿಂತು ಹಳೆಯ ತಲೆಯಿಂದ ಹಿಡಿದು ಹೇಳುತ್ತಾರೆ, ಯಾರು ಯಾರ ಮಗ, ಯಾವ ಊರಿನ ಸೊಸೆ, ಯಾವ ಸಂವತ್ಸರದಲ್ಲಿ ಯಾರು ಹೋದರು ಎಂದು. ಹೊಸದಾಗಿ ಹುಟ್ಟಿದ್ದು ಸತ್ತದ್ದು ಮನೆಯ ಯಜಮಾನ ಹೇಳಿದರೆ ಅದನ್ನೂ ಸೇರಿಸಿಕೊಳ್ಳುತ್ತಾರೆ. ಜೋಳ, ಬಟ್ಟೆ ಕೊಟ್ಟು ಕಳಿಸುವುದು ರೂಢಿ. ಓಣಿಯ ಜನವೆಲ್ಲ ಬಂದು ಕೂರುತ್ತಿದ್ದರು. ನಮ್ಮ ಮನೆಗೆ ಬರುವ ಹೇಳವನಿಗೆ ಮುತ್ಯಾ ಹಿಂದೆ ಒಂದು ಹೋರಿಗರು ಕೊಟ್ಟು ಒಂದು ಮಾತು ಸೇರಿಸಿಕೊಳ್ಳಲು ಹೇಳಿದ್ದ. ಅವನು ಪ್ರತಿ ಸಲವೂ ರಾಗವಾಗಿ ಹೇಳುತ್ತಿದ್ದ: “ಕಾಳಯುಕ್ತಿ ಸಂವತ್ಸರ, ದೀಪಾವಳಿ ಆದ ಮ್ಯಾಲ, ಶಹಾಬಜಾರದ ಸೊಸಿ ಬಂದಳು. ಬಲಗಾಲು ಒಳಗ ಇಟ್ಟಳು, ಮೂರು ದೀಪ ಆರಿದವು.”

ಬಂದ ಜನ ತ್ಚು ತ್ಚು ಎನ್ನುತ್ತಿದ್ದರು. ಹೇಳವ ಬರುವ ದಿನ ದೊಡ್ಡವ್ವನನ್ನು ತೋಟಕ್ಕೆ ಕಳಿಸಿಬಿಡುತ್ತಿದ್ದರು.

ನನ್ನ ಲಗ್ನ ಗಟ್ಟಿಯಾದ ವರ್ಷವೂ ಅವನು ಬಂದ. ನನಗೆ ಹನ್ನೆರಡು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯ ಮನೆಯೊಂದಕ್ಕೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಅಂಗಳದಲ್ಲಿ ಪಿಂಜಾರ ಚಾಚಾ ಹತ್ತಿ ಹಿಂಜುತ್ತ ನನ್ನ ಲಗ್ನದ ಗಾದಿ ತುಂಬುತ್ತಿದ್ದ. ಮುತ್ಯಾ ಕಟ್ಟೆಯ ಮೇಲೆ ರುಮಾಲು ಸುತ್ತಿಕೊಂಡು ಕುಳಿತಿದ್ದ. ನಾನು ಅವನ ಪಕ್ಕದಲ್ಲಿ, ಹೊಸ ಸೀರೆಯಲ್ಲಿ. ಹೇಳವ ತಲೆತಲೆಯಾಗಿ ಹೇಳುತ್ತ ಬಂದು ಕಾಳಯುಕ್ತಿ ಸಂವತ್ಸರಕ್ಕೆ ಮುಟ್ಟಿದ, ಮೂರು ದೀಪ ಆರಿಸಿದ. ಜನ ತ್ಚು ತ್ಚು ಅಂದರು.

ಆಗ ಮನೆಯ ಮಗ್ಗುಲಿನ ಸಂದಿಯಿಂದ ದೊಡ್ಡವ್ವ ಬಂದಳು. ತೋಟಕ್ಕೆ ಹೋಗಿರಲೇ ಇಲ್ಲ. ತಲೆಯ ಮೇಲೆ ಸೆರಗು, ಕೈಗೆ ಹಿಟ್ಟು ಅಂಟಿತ್ತು. ಕಟ್ಟೆಯ ಕೆಳಗೆ, ಎಲ್ಲರ ನಡುವೆ ಬಂದು ನಿಂತಳು.

“ಯಾರ ಕರದಾರ ನಿನ್ನ? ಹಿಂದ ನಡಿ” ಅಂದ ಮುತ್ಯಾ.

ಆಕೆ ಅವನ ಕಡೆ ನೋಡಲಿಲ್ಲ. “ಹೇಳವಪ್ಪಾ, ಕಾಳಯುಕ್ತಿ ಸಂವತ್ಸರ ಅಂದಿ. ಮತ್ತ ಬಾಜೂ ಮನ್ಯಾಗ?”

ಯಾರೋ ಕಿಸಕ್ಕನೆ ನಕ್ಕರು, ಈಕೆಯ ಚಟ ಎಲ್ಲರಿಗೂ ಗೊತ್ತಿತ್ತಲ್ಲ. ಹೇಳವ ನಗಲಿಲ್ಲ. ಗಂಟೆಯ ನಾಲಿಗೆಯನ್ನು ಬೆರಳಿನಿಂದ ಹಿಡಿದುಕೊಂಡ. “ಅವ್ವಾ, ಒಬ್ಬರ ಮನಿದು ಇನ್ನೊಬ್ಬರ ಕಟ್ಟಿ ಮುಂದ ಹೇಳೂದಿಲ್ರಿ. ನಮ್ಮ ಹಿರ್ಯಾರು ಹಾಕಿದ ಕಟ್ಟಳಿ ಅದು.”

ನೋಡಿ, ಇದೇ ಸಂಗತಿ. ಅವನು ಎಲ್ಲರ ಮನೆಗೂ ಹೋಗುವವನು. ಊರಲ್ಲಿ ಯಾರ ಮನೆಯಲ್ಲಿ ಯಾವ ತಿಂಗಳು ಯಾರು ಸತ್ತರೆಂದು ಅವನ ಬಾಯಲ್ಲಿ ಇತ್ತು. ಆದರೆ ಪ್ರತಿ ಮನೆಯವರಿಗೂ ಅವರ ಮನೆಯದು ಮಾತ್ರ ಹೇಳುವುದು ಅವನ ಕಸುಬಿನ ಮರ್ಯಾದೆ. ಹೀಗಾಗಿ, ಊರಿಗೆ ಬೇನೆ ಬಂದದ್ದು ಎಲ್ಲರಿಗೂ ಗೊತ್ತಿದ್ದರೂ, ಪ್ರತಿ ಮನೆಯೂ ತನ್ನ ಸಾವಿನ ಕಾರಣ ಬೇರೆಯೇ ಎಂದುಕೊಂಡು ಕುಳಿತಿತ್ತು.

“ಬಾಜೂ ಮನಿಯವ್ರು ಇಲ್ಲೇ ಕುಂತಾರಲ್ಲ” ಅಂದಳು ದೊಡ್ಡವ್ವ. “ಅವರ ಮನಿದು ಅವರಿಗೇ ಹೇಳು. ನಾವು ಬೇಕಾರ ಕಿವಿ ಮುಚ್ಕೋತೀವಿ. ನಾಳೆ ಈ ಹುಡುಗಿನೂ ಒಂದು ಮನಿಗೆ ಕಾಲಿಡಾಕಿ ಇದ್ದಾಳ. ಆ ಮನ್ಯಾಗ ಏನರ ಆದ್ರ ಈಕಿ ಕಾಲಿಗೂ ಕುಡುಗೋಲು ಕಾಸ್ತಾರೇನು? ಹೇಳು.”

ಹತ್ತಿ ಹಿಂಜುವ ಬಿಲ್ಲಿನ ಸದ್ದು ನಿಂತಿತು. ಮೊದಲು ಮಾತಾಡಿದವನು ಪಿಂಜಾರ ಚಾಚಾ. “ನಮ್ಮ ಮನಿದು ಈ ಹೇಳವ ಹೇಳಾಂಗಿಲ್ರಿ, ನಾನೇ ಹೇಳ್ತೀನಿ. ಅದೇ ತಿಂಗಳದಾಗ ನಮ್ಮ ಅಬ್ಬಾ ಹೋದ್ರು, ಅಮ್ಮಿ ಹೋದ್ರು, ಬಡೇ ಭಾಯ್ ಹೋದ. ಮಯ್ಯತ್ ಹೊರಾಕ ನಾಲ್ಕು ಮಂದಿ ಸಿಗಲಿಲ್ಲ. ನಾನು ಸಣ್ಣಾಂವ, ನಾನೇ ಹೆಗಲು ಕೊಟ್ಟೀನಿ.” ಮುತ್ಯಾನ ಕಡೆ ತಿರುಗಿದ. “ನಮ್ಮ ಮನಿಗೆ ಆ ವರ್ಷ ಯಾವ ಸೊಸಿನೂ ಬಂದಿದ್ದಿಲ್ರೀ ಯಜಮಾನ್ರ.”

ಆಮೇಲೆ ಗಾಣಿಗರ ಮನೆಯ ಮುದುಕಿ, “ನಂದು ಹೇಳೋ” ಅಂದಳು. ಹೇಳವ ಗಂಟಲು ಸರಿಮಾಡಿಕೊಂಡು ಹೇಳಿದ. ಕಾಳಯುಕ್ತಿ ಸಂವತ್ಸರ, ಅದೇ ದೀಪಾವಳಿ ಆದ ಮ್ಯಾಲ, ಇಬ್ಬರು ಗಂಡುಮಕ್ಕಳು. ಎದುರು ಮನೆಯವನು ತನ್ನದು ಹೇಳಿಸಿದ. ಅದೇ ಸಂವತ್ಸರ, ಅದೇ ತಿಂಗಳು, ತಾಯಿ ಮತ್ತು ಅತ್ತಿಗೆ. ಒಂದೊಂದೇ ಮನೆಯವರು ಕೇಳುತ್ತ ಹೋದರು, ಅವನು ಹೇಳುತ್ತ ಹೋದ. ರಾಗವೂ ಬಿಟ್ಟುಹೋಗಿತ್ತು, ಬರಿಯ ಹೆಸರು. ಹೇಳುತ್ತ ಹೋದ ಹಾಗೆ ಬೇರೆ ಮಾತುಗಳೂ ಹೊರಬಿದ್ದವು. ಎದುರು ಮನೆಯವರು ಆಗ ತಾನೆ ಹುಟ್ಟಿದ ಕೂಸು ಮೂಲಾ ನಕ್ಷತ್ರದ್ದು ಎಂದು ಸೋದರಮಾವನ ಮನೆಗೆ ಸಾಗಿಸಿದ್ದರು. ಆ ಕೂಸು ಈಗ ಮೀಸೆ ಹೊತ್ತ ಗಂಡಸಾಗಿ ಅಲ್ಲೇ ಕುಳಿತಿದ್ದ. “ಹೌದ, ಎಲ್ಲಾ ನನ್ನ ತಲಿ ಮ್ಯಾಲ ಹಾಕಿದ್ರು” ಅಂದ. ಗಾಣಿಗರು ಸಂತೆಯಿಂದ ತಂದ ಹೊಸ ಎಮ್ಮೆಯ ಮೇಲೆ ಹಾಕಿ ಅದನ್ನು ಮಾರಿಬಿಟ್ಟಿದ್ದರು. ಎಮ್ಮೆಯ ಹಣೆಬರಹ ಚೆನ್ನಾಗಿತ್ತು, ಬರೆ ಬೀಳಲಿಲ್ಲ. ಓಣಿಯ ಕೊನೆಯ ಮನೆಯವರು ಹೊಸ ಸೊಸೆಯನ್ನು ತವರಿಗೆ ಅಟ್ಟಿದ್ದರು, ಆಕೆ ಮುಂದೆ ಬಾವಿಯಲ್ಲಿ ಸಿಕ್ಕಳಂತೆ. ಆ ಮಾತು ಹೇಳಿದವರು ತಲೆ ಎತ್ತಲಿಲ್ಲ.

ಇಡೀ ಊರಿಗೆ ಒಂದೇ ಜ್ವರ ಬಂದಿತ್ತು. ಪ್ರತಿ ಮನೆಯೂ ಅದಕ್ಕೆ ತನ್ನದೇ ಒಂದು ಕಾಲು, ಒಂದು ನಕ್ಷತ್ರ, ಒಂದು ಎಮ್ಮೆ ಹುಡುಕಿಕೊಂಡಿತ್ತು.

ಮುಂದೆ ನಾನು ಓದಿ, ಓದಿದವರನ್ನು ಕೇಳಿ ತಿಳಿದುಕೊಂಡೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಲೋಕವನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಅದು. ನಮ್ಮ ಕಡೆ ಮಾನಮೋಡಿ ಅನ್ನುತ್ತಿದ್ದರು, ಕತ್ತು ಮುರಿಯುವ ಬೇನೆ. ಮುಂಬಯಿಯ ಬಂದರಿಗೆ ಬಂದು, ಅಲ್ಲಿಂದ ರೈಲು ಹತ್ತಿ ಊರೂರಿಗೆ ಇಳಿದಿತ್ತು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲು ಕಲಬುರಗಿಯಲ್ಲಿ ನಿಲ್ಲುತ್ತದೆ. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಜನರ ಮೈಯಲ್ಲಿ ಕಸುವು ಇರಲಿಲ್ಲ. ಕಲಬುರಗಿಯ ಮೋಮಿನಪುರದ ಮುದುಕರು ಹೇಳುತ್ತಿದ್ದರು, ಗೋರಿ ತೋಡುವವರೂ ಮಲಗಿಬಿಟ್ಟಿದ್ದರು ಎಂದು. ಇಷ್ಟು ದೊಡ್ಡ ಸಾವನ್ನು ಎತ್ತಿ ಒಬ್ಬ ಹನ್ನೆರಡು ವರ್ಷದ ಹುಡುಗಿಯ ಹಿಮ್ಮಡಿಯ ಮೇಲೆ ಇಟ್ಟರಲ್ಲ ನಮ್ಮವರು, ಅವರ ಬುದ್ಧಿಗೆ ಏನೆನ್ನಲಿ.

ಅವತ್ತು ಮುತ್ಯಾ ಎದ್ದು ನಿಂತ. “ಮುಗೀತಿಲ್ಲೋ ಎಲ್ಲಾರದು? ಹೇಳವಾ, ನಿನ್ನ ಜ್ವಾಳ ಒಯ್ಯಿ” ಅಂದ, ಒಳಗೆ ಹೋದ. ಅಷ್ಟೇ. ಜನ ದೊಡ್ಡವ್ವನನ್ನು ನೋಡುತ್ತ ಕುಳಿತರು. ಆಕೆ ಕೈಯ ಹಿಟ್ಟು ಉಜ್ಜಿಕೊಂಡಳು. “ಹೊತ್ತಾತು, ರೊಟ್ಟಿ ಆಗಬೇಕು” ಎನ್ನುತ್ತ ಕಟ್ಟೆ ಹತ್ತಿ, ತಲಬಾಗಿಲಿನಿಂದಲೇ ಒಳಗೆ ಹೋದಳು. ಹಿತ್ತಲಿಗೆ ಸುತ್ತಿ ಹೋಗುವುದು ದೂರವಾಗುತ್ತಿತ್ತಲ್ಲ, ಅದಕ್ಕೇ ಎನ್ನುವ ಹಾಗೆ. ದೇವರಾಣೆ, ತೊಲೆ ಮುರಿಯಲಿಲ್ಲ, ಗೋಡೆ ಬೀಳಲಿಲ್ಲ. ಅವತ್ತು ನಮ್ಮೆಲ್ಲರಿಗೂ ರೊಟ್ಟಿ ಮಾತ್ರ ತಡವಾಯಿತು.

ಹೇಳವ ಮುಂದಿನ ಸಲ ಬಂದಾಗ ಆ ಮಾತು ಬಿಟ್ಟು ಹೇಳಿದ. ಅವನಿಗೆ ಬಿಡು ಎಂದವರು ಯಾರೂ ಇರಲಿಲ್ಲ, ಮುತ್ಯಾ ಮತ್ತೆ ಸೇರಿಸು ಎನ್ನಲೂ ಇಲ್ಲ.

ಲಗ್ನಕ್ಕೆ ಕೆಲವು ದಿನ ಇರುವಾಗ ದೊಡ್ಡವ್ವ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದಳು. ಬಾಳೆಯ ಒಣ ಎಲೆ ಕೊಯ್ಯುತ್ತ, ನನ್ನ ಮುಖ ನೋಡದೆ, ಒಂದು ಮಾತು ಹೇಳಿದಳು. ಆಕೆಯ ಲಗ್ನದ ಮುಂಚೆ ಶಹಾಬಜಾರದಲ್ಲಿ ಆಗಲೇ ಜನ ಮಲಗಿದ್ದರಂತೆ. ಪಕ್ಕದ ಮನೆಯಲ್ಲಿ ಸಾವಾಗಿತ್ತು. ಆಕೆಯ ಅಪ್ಪ ದಿಬ್ಬಣಕ್ಕೆ ಮೊದಲೇ ಕಮಲಾಪುರಕ್ಕೆ ಬಂದು, ನಮ್ಮ ಮುತ್ಯಾನ ಕಾಲು ಹಿಡಿದು, “ಊರಾಗ ಜ್ವರ ಅದ, ಲಗ್ನ ಒಂದು ತಿಂಗಳು ಮುಂದ ಹಾಕೂಣ್ರಿ” ಎಂದು ಬೇಡಿಕೊಂಡಿದ್ದನಂತೆ. ಮುತ್ಯಾ ಒಪ್ಪಲಿಲ್ಲ. ಮುಹೂರ್ತ ತಪ್ಪಿಸಿದರೆ ಮಂದಿ ಏನಂದಾರು, ಊರಿಗೆಲ್ಲ ಅಕ್ಷತೆ ಕೊಟ್ಟಾಗಿದೆ ಎಂದನಂತೆ. ಬಂಡಿ ಕಟ್ಟಿಸಿದ. ಆ ಓಣಿಗೆ ದಿಬ್ಬಣ ಒಯ್ದ, ಆ ಗಾಳಿಯಲ್ಲಿ ನೂರಾರು ಮಂದಿಯನ್ನು ಊಟಕ್ಕೆ ಕೂರಿಸಿದ, ಮತ್ತೆ ಅದೇ ಬಂಡಿಗಳಲ್ಲಿ ಊರಿಗೆ ಕರೆತಂದ.

ನನಗೆ ಮೈಯೆಲ್ಲ ಉರಿಯಿತು. “ಅವತ್ತು ಮಂದಿ ಮುಂದ ಯಾಕ ಅನ್ನಲಿಲ್ಲ ನೀನು?”

ಆಕೆ ಕೊಯ್ದ ಎಲೆಗಳನ್ನು ಒಂದು ಕಡೆ ಒಟ್ಟಿದಳು. “ಜ್ವರ ಹ್ಯಾಂಗ ಬರ್ತದ ಅಂತ ಅವರಿಗೇನ್ ಗೊತ್ತಿತ್ತವ್ವಾ? ನನ್ನ ಕಾಲಿನ ಮ್ಯಾಲ ಇದ್ದದ್ದು ತಗದು ಅವರ ಕಾಲಿನ ಮ್ಯಾಲ ಹಾಕಿದ್ರ, ನಾನೂ ಅವರು ಮಾಡಿದ್ದೇ ಮಾಡಿದಂಗ ಆಗ್ತದಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನೀ ಹೋಗೂ ಮನ್ಯಾಗ ಕಾಲು ನೋಡ್ಕೋತ ನಡಿಬ್ಯಾಡ. ತಲಿ ಎತ್ತಿ ನಡಿ. ಯಾರರ ಏನರ ಅಂದ್ರ, ಬಾಜೂ ಮನ್ಯಾಗ ಏನಾತು ಅಂತ ಕೇಳು.”

ಆಕೆ ದೊಡ್ಡವಳು, ಕ್ಷಮಿಸಿದಳು. ನಾನು ಅಷ್ಟು ದೊಡ್ಡವಳಲ್ಲ. ಜ್ವರ ತಂದದ್ದನ್ನು ಬೇಕಾದರೆ ನಾನೂ ಬಿಟ್ಟುಕೊಡುತ್ತೇನೆ, ಆ ಕಾಲದಲ್ಲಿ ದವಾಖಾನೆಯ ಡಾಕ್ಟರರಿಗೇ ತಿಳಿಯದ ಬೇನೆ ಅದು. ಕುಡುಗೋಲು ಕಾಯಿಸಿದ್ದನ್ನು ಮಾತ್ರ ಬಿಡುವುದಿಲ್ಲ. ಲಗ್ನ ಮುಂದೆ ಹಾಕು ಎಂದು ಒಬ್ಬರು ಕಾಲಿಗೆ ಬಿದ್ದಿದ್ದರೆಂಬುದು ಅವನಿಗೆ ನೆನಪಿತ್ತು. ನೆನಪಿದ್ದೇ ಕಾಯಿಸಿದ. ಆ ನೆನಪು ತನ್ನನ್ನು ಸುಡಬಾರದೆಂದು ಆಕೆಯನ್ನು ಸುಟ್ಟ ಎಂಬುದು ನನ್ನ ಲೆಕ್ಕ. ತಪ್ಪಿದ್ದರೆ ಅವನೇ ಎದ್ದು ಬಂದು ಹೇಳಲಿ.

ನಾನು ಗಂಡನ ಮನೆಗೆ ಹೋದ ಮೊದಲ ಬೇಸಿಗೆಯಲ್ಲೇ ಮಾವ ವಾಂತಿಭೇದಿಯಿಂದ ತೀರಿಕೊಂಡರು. ಮೂರನೆಯ ದಿನ ಪಡಸಾಲೆಯಲ್ಲಿ ಹೆಂಗಸರು ಕುಳಿತಿದ್ದರು. ಅತ್ತೆಯ ತಂಗಿ ನನ್ನ ಕಾಲಿನ ಕಡೆ ನೋಡುತ್ತ, “ಕಮಲಾಪುರದ ಸೊಸಿ ಬಂದು ಇನ್ನಾ ವರ್ಷ ತುಂಬಿಲ್ಲ, ನೋಡ್ರಿ” ಅಂದರು. ಒಂದು ಗಳಿಗೆ ಹಿಮ್ಮಡಿ ಸುಟ್ಟ ಹಾಗೇ ಆಯಿತು. ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಅಂದೆ, “ಮತ್ತ ಬಾಜೂ ಮನ್ಯಾಗ?”

ಹದಿಮೂರರ ಸೊಸೆ ಹೀಗೆ ಮಾತಾಡಬಾರದಿತ್ತು. ಎಲ್ಲರೂ ಬಾಯಿಗೆ ಸೆರಗು ಹಿಡಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಚಿಕ್ಕಮಾವ ಮಾತ್ರ ಅದನ್ನು ಕಿವಿಗೆ ಹಾಕಿಕೊಂಡು ಹೊರಗೆ ಹೋದರು. ಸಂಜೆಯ ಹೊತ್ತಿಗೆ ಓಣಿಯೆಲ್ಲ ಕೇಳಿಕೊಂಡು ಬಂದು, ನಮ್ಮ ಬಾವಿಯ ನೀರು ಒಯ್ಯುವ ಮನೆಗಳಲ್ಲೆಲ್ಲ ಜನ ಮಲಗಿದ್ದಾರೆ, ಗುಡಿಯ ಕಡೆಯ ಬಾವಿಯವರಿಗೆ ಏನೂ ಆಗಿಲ್ಲ ಎಂದರು. ಮರುದಿನದಿಂದ ಆ ಬಾವಿಯ ಹಗ್ಗ ಬಿಚ್ಚಿದರು. ನನ್ನ ಕಾಲಿನ ಮಾತು ಅಲ್ಲಿಗೆ ನಿಂತಿತು. ಆ ಓಣಿಯಲ್ಲಿ ಎಷ್ಟು ಜೀವ ಉಳಿದವೋ ಗೊತ್ತಿಲ್ಲ. ಒಂದಂತೂ ನನ್ನದು.

ಮುತ್ಯಾ ಕೊನೆಗೆ ಹಾಸಿಗೆ ಹಿಡಿದ. ಅವನ ಬಾಯಿಗೆ ಗಂಜಿ ಹಾಕಿದ್ದು, ಮೈ ಒರೆಸಿದ್ದು ಅದೇ ದೊಡ್ಡವ್ವ. ಅವನು ಏನಾದರೂ ಅಂದನೇ ಎಂದು ನಾನು ಕೇಳಿದರೆ, “ಉಪ್ಪು ಕಡಿಮಿ ಆಗ್ಯದ ಅಂದ್ರು” ಎಂದು ನಕ್ಕಳು.

ನಿಜಾಮರ ಆಳಿಕೆ ಹೋದ ಕೆಲವು ವರ್ಷದ ಮೇಲೆ, ಒಂದು ಚಳಿಗಾಲದಲ್ಲಿ ಆಕೆಯೂ ಹೋದಳು. ನಾನು ಕಲಬುರಗಿಯಿಂದ ಹೋಗುವಷ್ಟರಲ್ಲಿ ನಮ್ಮಲ್ಲಿನ ಪದ್ಧತಿಯಂತೆ ಪಡಸಾಲೆಯ ನಡುವೆ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಕಾಲು ಮಡಚಿ ಕೂರಿಸಿದ್ದರಿಂದ ಬಲಗಾಲಿನ ಹಿಮ್ಮಡಿ ಕಾಣುತ್ತಿತ್ತು. ಗುರುತು ಹಾಗೇ ಹೊಳೆಯುತ್ತಿತ್ತು. ಯಾರೋ ನಾಚಿಕೊಂಡು ಅದರ ಮೇಲೆ ಸೀರೆ ಎಳೆದರು. “ಮುಚ್ಚಬ್ಯಾಡ್ರಿ, ಎಲ್ಲಾರೂ ನೋಡ್ಲಿ” ಎಂದು ನಾನು ಸರಿಸಿದೆ. ಆಕೆಯನ್ನು ತಲಬಾಗಿಲಿನಿಂದ ಹೊರಗೆ ತಂದರು. ನನ್ನ ಅಪ್ಪ ಮುಂದೆ ನಡೆದು ಮಗನ ಕೆಲಸವನ್ನೆಲ್ಲ ಮಾಡಿದ. ಅಷ್ಟು ಮಾತ್ರ ಮಾಡಿದ.

ಇದನ್ನೆಲ್ಲ ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದೆ. ಬರೆ ಹಾಕಿದವರು ಯಾರೆಂದು ಬರಿ, ಆ ವರ್ಷ ಲೋಕಕ್ಕೆಲ್ಲ ಬಂದ ಜ್ವರದ ಹೆಸರು ಬರಿ, ಓಣಿಯ ಉಳಿದ ಮನೆಗಳಲ್ಲಿ ಏನಾಯಿತೆಂದು ಬರಿ, ಮಕ್ಕಳಿಲ್ಲ ಎಂಬುದನ್ನು ಹೊಡೆದು ನಿನ್ನ ಮುತ್ತಜ್ಜನ ಹೆಸರು ಬರಿ ಎಂದೆ. ಅವನು ಹಾಳೆಯನ್ನು ನೋಡಿ ತಲೆ ಕೆರೆದುಕೊಂಡ.

“ಖರೇ ಅದ ಆಯಿ. ಆದ್ರ ಇಷ್ಟೆಲ್ಲಾ ಆ ಚೌಕದಾಗ ಹಿಡಿಯಂಗಿಲ್ಲ.”

“ಹಿಡಿಯದಿದ್ರ ಮುತ್ಯಾನ ಚೌಕ ಸಣ್ಣದು ಮಾಡು” ಎಂದೆ.